ಇಳಿಯದೆ ಮಾಡುವ ನಮಸ್ಕಾರ

ಬೆಳಿಗ್ಗೆ ಒಂಬತ್ತು ಗಂಟೆ ಹದಿನಾರು ನಿಮಿಷ. ನನ್ನ ನಿದ್ದೆ ಕೆಟ್ಟದ್ದು ಆ ಹೊತ್ತಿಗೆ. ನಿದ್ದೆ ಕೆಡುವುದು ರಾತ್ರಿಯಲ್ಲವೇ ಎಂದು ನೀವು ಕೇಳಬಹುದು. ನನ್ನದು ಹಾಡಹಗಲಲ್ಲಿ, ರಸ್ತೆಯ ಬದಿಯಲ್ಲಿ, ಎರಡೂ ಕಣ್ಣು ಬಿಟ್ಟುಕೊಂಡು ನಿಂತಿರುವಾಗಲೇ ಕೆಟ್ಟಿತು. ಕೆಟ್ಟಿದೆ ಎಂದು ಗೊತ್ತಾದದ್ದು ಮಾತ್ರ ರಾತ್ರಿ. ನಿಮಿಷದ ಸಮೇತ ಹೇಳುತ್ತಿದ್ದಾನಲ್ಲ, ಆಗ ಈತ ಗಡಿಯಾರವನ್ನು ಯಾಕೆ ನೋಡಿಕೊಳ್ಳುತ್ತಿದ್ದ ಎಂಬ ಸಂಶಯವೂ ನಿಮಗೆ ಬರಬಹುದು. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಈಗಲೇ ಹೇಳಿದರೆ ನನ್ನ ಮೇಲೆ ನಿಮಗಿರಬಹುದಾದ ಗೌರವ ಮೊದಲ ಪ್ಯಾರಾದಲ್ಲೇ ಮುಗಿದುಹೋಗುತ್ತದೆ, ಮತ್ತು ಈ ಇಡೀ ಪ್ರಕರಣವೇ ಗೌರವಕ್ಕೆ ಸಂಬಂಧಪಟ್ಟದ್ದು.

ಆ ದಿನದಿಂದ ಸುಮಾರು ಎರಡು ತಿಂಗಳು ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಮಾಡಿದ್ದು ಒಂದೇ ಕೆಲಸ: ಸೈಕಲ್ಲಿಗೆ ಬೇಕಾದ, ಆದರೆ ಪ್ರಪಂಚದಲ್ಲಿ ಯಾರೂ ಇನ್ನೂ ತಯಾರಿಸದ ಸಾಮಾನುಗಳನ್ನು ಕಂಡುಹಿಡಿಯುವುದು. ಈಗಿನ ಅಂಗಡಿಗಳಲ್ಲಿ ಸೈಕಲ್ ಹೊಡೆಯುವವರಿಗೆ ಏನೇನೋ ಸಿಗುತ್ತವೆ. ತಲೆಗೆ ಹೆಲ್ಮೆಟ್ಟು, ಕೈಗೆ ಗವುಸು, ನೀರಿನ ಬಾಟ್ಲಿ ಸಿಕ್ಕಿಸಲು ಪಂಜರ, ಎಷ್ಟು ದೂರ ತುಳಿದಿರಿ ಎಂದು ತೋರಿಸುವ ಪುಟ್ಟ ಗಾಜಿನ ಡಬ್ಬಿ. ಇವನ್ನೆಲ್ಲ ಮಾಡಿದ ಪುಣ್ಯಾತ್ಮರಿಗೆ ಬಿಸಿಲು ಗೊತ್ತು, ಮಳೆ ಗೊತ್ತು, ಬಾಯಾರಿಕೆ ಗೊತ್ತು. ಎದುರಿಗೆ ಮೇಷ್ಟ್ರು ಬಂದರೆ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಅದೊಂದೇ: ಇಳಿಯಬೇಕು.

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದಲ್ಲಿ. ಅಲ್ಲಿ ಹಿರಿಯರ ಎದುರು ಸೈಕಲ್ ಮೇಲೆ ಕೂತುಕೊಂಡೇ ಹೋಗುವುದೆಂದರೆ ಅವರ ಎದುರು ಮಂಚದ ಮೇಲೆ ಕಾಲು ಚಾಚಿ ಮಲಗಿದಷ್ಟೇ ದೊಡ್ಡ ಅಪರಾಧ. ಇಳಿಯುವುದರಲ್ಲೂ ದರ್ಜೆಗಳಿದ್ದವು. ಮೇಷ್ಟ್ರು, ಸೋದರಮಾವ, ಅಪ್ಪನ ಓರಗೆಯವರು ಕಂಡರೆ ಪೂರ್ತಿ ಇಳಿದು, ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ, ಅವರು ದಾಟಿದ ಮೇಲೆ ಮತ್ತೆ ಹತ್ತಬೇಕು. ದೂರದ ನೆಂಟರಾದರೆ ಒಂದು ಕಾಲು ನೆಲಕ್ಕೆ ಊರಿ ನಕ್ಕರೆ ಸಾಕು. ಅಣ್ಣನ ಗೆಳೆಯರಾದರೆ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೆ ಆಯಿತು. ಆಮೇಲೂ ಸೈಕಲ್ಲು ತನ್ನಷ್ಟಕ್ಕೆ ಉರುಳಿಕೊಂಡು ಹೋದರೆ ಅದು ಸೈಕಲ್ಲಿನ ತಪ್ಪು.

ನಮ್ಮಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಅವರ ಹತ್ತಿರ ಎತ್ತರದ ಕಪ್ಪು ಸೈಕಲ್ ಇತ್ತು. ಅದರ ಸಿಂಗಾರವನ್ನು ನೆನೆಸಿಕೊಂಡರೆ ಈಗಿನ ಸೈಕಲ್ಲುಗಳೆಲ್ಲ ಮೈಮೇಲೆ ಬಟ್ಟೆಯಿಲ್ಲದೆ ಓಡಾಡುತ್ತಿವೆ ಅನ್ನಿಸುತ್ತದೆ. ಚೈನನ್ನು ಪೂರ್ತಿ ಮುಚ್ಚಿದ ಕವಚ, ಸೀಟಿಗೆ ಕುಚ್ಚಿನ ಹೊದಿಕೆ, ಚಕ್ರದ ಹಬ್ಬಿಗೆ ಸುತ್ತಿದ ಬಣ್ಣಬಣ್ಣದ ದಾರದ ಉಂಗುರ (ಅದು ತಿರುಗುತ್ತ ತಿರುಗುತ್ತ ಹಬ್ಬನ್ನು ತಾನೇ ಒರೆಸಿ ಫಳಫಳ ಅನ್ನಿಸುತ್ತಿತ್ತು), ಹಿಂದಿನ ಟೈರಿಗೆ ಒರಗಿಕೊಂಡು ಗುಂಯ್ ಎನ್ನುವ ಡೈನಮೊ, ಬಾರಿಗೆ ಸಿಕ್ಕಿಸಿದ ಪಂಪು, ಪೈಜಾಮದ ಕಾಲು ಚೈನಿಗೆ ಸಿಗದಂತೆ ಹಾಕುವ ಸ್ಟೀಲಿನ ಕ್ಲಿಪ್ಪು. ಇಷ್ಟೆಲ್ಲ ಇದ್ದೂ ಅಪ್ಪ ಆ ಸೈಕಲ್ಲನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ನಮ್ಮ ಬೀದಿಯ ಪ್ರತಿ ಮನೆಯ ಕಟ್ಟೆಯ ಮೇಲೂ ಬೆಳಗಿನ ಬಿಸಿಲಿಗೆ ಒಬ್ಬೊಬ್ಬರು ಹಿರಿಯರು ಕೂತಿರುತ್ತಿದ್ದರು. ಒಬ್ಬರಿಗೆ ಇಳಿದು, ಹತ್ತಲು ಪೆಡಲಿನ ಮೇಲೆ ಕಾಲಿಡುವಷ್ಟರಲ್ಲಿ ಮುಂದಿನ ಕಟ್ಟೆ. ನಾಲ್ಕನೆಯ ಮನೆಯ ಹೊತ್ತಿಗೆ ಅಪ್ಪ ಹತ್ತುವ ಆಸೆಯನ್ನೇ ಬಿಟ್ಟು ಅಂಗಡಿಯವರೆಗೂ ತಳ್ಳಿಕೊಂಡು ಹೋಗುತ್ತಿದ್ದರು. ಹಾಗಾದರೆ ಇದನ್ನು ಯಾಕೆ ತಗೊಂಡಿರಿ ಎಂದು ನಾನೊಮ್ಮೆ ಕೇಳಿದ್ದೆ. ಅಪ್ಪ ಬಹಳ ಗಂಭೀರವಾಗಿ, "ಸೈಕಲ್ಲೇ ಇಲ್ಲದಾಂವ ಇಳಿದು ಮರ್ಯಾದಿ ಕೊಡೋದು ಹ್ಯಾಂಗಪ್ಪ?" ಅಂದಿದ್ದರು.

ಭಾನುವಾರ ಮಾತ್ರ ಅವರು ನನ್ನನ್ನು ಮುಂದಿನ ಬಾರಿನ ಮೇಲೆ ಕೂಡಿಸಿಕೊಂಡು ಗುಮ್ಮಘಟ್ಟದ ದಾರಿ ಹಿಡಿಯುತ್ತಿದ್ದರು. ಊರು ದಾಟಿ, ಕೊನೆಯ ಕಟ್ಟೆಯೂ ಮುಗಿದ ಮೇಲೆ, ಅಪ್ಪ ಬೇರೆ ಮನುಷ್ಯರಾಗುತ್ತಿದ್ದರು. ಬಯಲು ಗಾಳಿಗೆ ಅವರ ಧೋತರ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವರ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು, ಬಾರು ನನ್ನ ತೊಡೆಗೆ ಒತ್ತಿ ನೋಯುತ್ತಿತ್ತು, ನೋಯುತ್ತದೆಂದು ಹೇಳಿದರೆ ಎಲ್ಲಿ ಇಳಿಸಿಬಿಡುತ್ತಾರೋ ಎಂದು ನಾನು ಹೇಳುತ್ತಿರಲಿಲ್ಲ. ಎದುರಿಗೆ ಕುರಿಮಂದೆ ಬಂದಾಗ ನಾನು ಹಿಂತಿರುಗಿ ಇಳಿಯಬೇಕೇನೋ ಎಂಬಂತೆ ಅವರ ಮುಖ ನೋಡಿದರೆ, "ಇವಕ್ಕ ಬ್ಯಾಡ" ಎಂದು ಗಂಟೆ ಬಾರಿಸಿಕೊಂಡು ನಡುವೆ ನುಗ್ಗುತ್ತಿದ್ದರು. ಅಪ್ಪ ಜೀವಮಾನದಲ್ಲಿ ಸೈಕಲ್ ತುಳಿದು ಸುಖಪಟ್ಟದ್ದು ಕುರಿಗಳ ಎದುರು ಮಾತ್ರ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಬಳ್ಳಾರಿಯಲ್ಲಿ ಓದಿ ಬಿ.ಎಸ್ಸಿ. ಮುಗಿಸಿ ನಾನು ಆಂಧ್ರದ ಗಡಿಯೊಳಗಿನ ಮಡಕಶಿರದ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಇಲ್ಲಿಯವಳೇ ಆದ ರತ್ನಮ್ಮನನ್ನು ಮದುವೆಯಾಗಿ ಇಲ್ಲೇ ಉಳಿದೆ. ನನ್ನ "ಯಾಕ", "ಬರ್ರಿ"ಗಳನ್ನು ಕೇಳಿ ಆಕೆ ಮೂವತ್ತು ವರ್ಷದಿಂದ ನಗುತ್ತಿದ್ದಾಳೆ. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹುಡುಗ ನನ್ನನ್ನು ಕಂಡು ಸೈಕಲ್ಲಿಂದ ಇಳಿದ. ನಾನು ಗಾಬರಿಯಾಗಿ ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅಂದು ಮನೆಗೆ ಹೋಗುವ ದಾರಿ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಮುಂದೆ ಅದು ಅಭ್ಯಾಸವಾಯಿತು. ಸ್ಕೂಲು ಬಿಡುವ ಹೊತ್ತಿಗೆ ನಾನು ಗೇಟಿನಿಂದ ಹೊರಬಿದ್ದರೆ ರಸ್ತೆಯುದ್ದಕ್ಕೂ ಸೈಕಲ್ಲುಗಳು ಒಂದರ ಹಿಂದೊಂದು ತಗ್ಗುತ್ತಿದ್ದವು. ಗಾಳಿಗೆ ರಾಗಿ ಹೊಲ ಬಾಗಿದ ಹಾಗೆ. ಆಮೇಲೆ ಬೈಕುಗಳು ಬಂದವು. ಬೈಕಿನವನು ಯಾರಿಗೂ ಇಳಿಯುವುದಿಲ್ಲ. ಬಹಳ ಗೌರವವಿದ್ದರೆ ಹಾರ್ನ್ ಹೊಡೆಯುತ್ತಾನೆ, ಅದೂ ನಾವು ಪಕ್ಕಕ್ಕೆ ಸರಿಯಲಿ ಎಂದು. ನಾನು ನಿವೃತ್ತನಾಗುವ ಹೊತ್ತಿಗೆ ಈ ಊರಿನಲ್ಲಿ ನನಗಾಗಿ ಸೈಕಲ್ ಇಳಿಯುವವನು ಒಬ್ಬನೇ ಉಳಿದಿದ್ದ. ಅವನ ಹೆಸರು ಕ್ಯಾತಪ್ಪ.

ಕ್ಯಾತಪ್ಪ ನನ್ನ ಮೊದಲ ವರ್ಷದ ಶಿಷ್ಯ. ಈಗ ಅವನಿಗೆ ಮೊಮ್ಮಗಳಿದ್ದಾಳೆ. ರೊಳ್ಳದ ಕಡೆಯ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಸ್ವಲ್ಪ ಕನಕಾಂಬರ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಮಾಲನ್ನು ಸೈಕಲ್ ಮೇಲೆ ತಂದು ಹಿಂದೂಪುರದ ಬಸ್ಸಿಗೆ ಹಾಕುತ್ತಾನೆ. ಗೂಡು ಇದ್ದರೆ ಗೂಡು, ಇಲ್ಲದ ದಿನ ಹೂವು. ಬೈಕ್ ಕಲಿಯೋ ಎಂದು ಮನೆಯವರು ಹೇಳಿ ಹೇಳಿ ಸುಮ್ಮನಾಗಿದ್ದಾರೆ. ರೇಷ್ಮೆಗೂಡಿನ ಚೀಲವನ್ನು ಕ್ಯಾರಿಯರಿಗೆ ಕಟ್ಟಿದ ಸೈಕಲ್ಲನ್ನು ನೀವು ನೋಡಿಲ್ಲದಿದ್ದರೆ ಹೀಗೆ ಊಹಿಸಿಕೊಳ್ಳಿ: ತೂಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಗಾತ್ರ ಮಾತ್ರ ಒಂದು ಎಮ್ಮೆಯಷ್ಟು. ಹಿಂದಿನಿಂದ ನೋಡಿದರೆ ದೊಡ್ಡ ಬಿಳಿ ಮೂಟೆಯೊಂದು ತಾನೇ ರಸ್ತೆಯಲ್ಲಿ ಹೋಗುತ್ತಿರುವಂತೆ ಕಾಣುತ್ತದೆ. ಮೂಟೆಯ ಮುಂದೆ ಮನುಷ್ಯನಿದ್ದಾನೆ ಎಂಬುದು ಅದನ್ನು ದಾಟಿದವರಿಗೆ ಮಾತ್ರ ಗೊತ್ತು.

ಈಗ ಒಂಬತ್ತು ಗಂಟೆ ಹದಿನಾರು ನಿಮಿಷಕ್ಕೆ ಬರೋಣ. ಹುರುಳಿ ಕಿತ್ತ ಕಾಲ. ನಮ್ಮ ಕಡೆ ಆ ಕಾಲದಲ್ಲಿ ಟಾರು ರಸ್ತೆಯೇ ಕಣ. ಒಣಗಿದ ಹುರುಳಿ ಗಿಡಗಳನ್ನು ರಸ್ತೆಯ ಅರ್ಧಕ್ಕೆ ಹರಡಿರುತ್ತಾರೆ, ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ರೊಳ್ಳದ ಕಡೆಯಿಂದ ಊರೊಳಗೆ ಇಳಿಯುವ ರಸ್ತೆ ಒಂದು ಜಾಗದಲ್ಲಿ ಕಡಿದಾದ ಇಳಿಜಾರು. ಅದರ ಬುಡದಲ್ಲಿ ಒಂದು ಹೊಂಗೆ ಮರ. ನಾನು ಅಲ್ಲಿ ನಿಂತಿದ್ದೆ. ಕ್ಯಾತಪ್ಪ ಮೇಲಿಂದ ಬಂದ, ಬೆನ್ನಿಗೆ ಗೂಡಿನ ಮೂಟೆ. ಅವನ ಹಿಂದೆ, ಅವನಿಗೆ ಕಾಣದಂತೆ, ಕಡಲೆಕಾಯಿ ಹೊಟ್ಟು ತುಂಬಿದ ಲಾರಿ. ಕ್ಯಾತಪ್ಪ ನನ್ನನ್ನು ಕಂಡ. ಕಂಡವನು ಇಳಿದ.

ಇಳಿಜಾರಿನಲ್ಲಿ ಇಳಿಯುವುದು ಸುಲಭವಲ್ಲ. ಎಲ್ಲರ ಹಾಗೆ ಕಾಲನ್ನು ಹಿಂದಿನಿಂದ ಎತ್ತಿ ಇಳಿಯಲು ಅವನಿಗೆ ಮೂಟೆ ಅಡ್ಡ. ಹಾಗಾಗಿ ಬಲಗಾಲನ್ನು ಮುಂದಿನ ಬಾರಿನ ಮೇಲಿಂದ ಎತ್ತಿ ತರಬೇಕು. ತಂದ. ಚಪ್ಪಲಿ ಪೆಡಲಿಗೆ ಸಿಕ್ಕಿಕೊಂಡಿತು. ಚಕ್ರ ಹುರುಳಿಯ ಮೇಲೆ ಹತ್ತಿತು, ಹುರುಳಿ ಬಳ್ಳಿ ಹಬ್ಬಿಗೆ ಸುತ್ತಿಕೊಂಡಿತು, ಸೈಕಲ್ಲು ಅಡ್ಡ ತಿರುಗಿ ರಸ್ತೆಯ ನಟ್ಟನಡುವೆ ಮಲಗಿತು. ಲಾರಿಯ ಬ್ರೇಕು ಕಿರುಚಿದ್ದು ಈಗಲೂ ನನ್ನ ಹಲ್ಲಿನಲ್ಲಿದೆ. ಚೀಲ ಒಡೆದು ಸಾವಿರಾರು ಬಿಳಿ ಗೂಡುಗಳು ಪುಟಿಯುತ್ತ ಇಳಿಜಾರಿನಲ್ಲಿ ನನ್ನ ಕಡೆಗೇ ಉರುಳಿ ಬಂದವು. ಜಡತ್ವದ ನಿಯಮವನ್ನು ಮೂವತ್ತು ವರ್ಷ ಸೈಕಲ್ಲಿನ ಉದಾಹರಣೆ ಕೊಟ್ಟೇ ಪಾಠ ಮಾಡಿದ ನಾನು, ಜಡನಾಗಿ ನಿಂತಿದ್ದೆ. ಲಾರಿ ಹುರುಳಿ ರಾಶಿಗೆ ನುಗ್ಗಿ ನಿಂತಿತ್ತು. ಅದರ ಮುಂದಿನ ಚಕ್ರಕ್ಕೂ ಸೈಕಲ್ಲಿನ ಹಿಂದಿನ ಚಕ್ರಕ್ಕೂ ನಡುವೆ ಒಂದು ಚಪ್ಪಲಿ ಇತ್ತು, ಅಷ್ಟೇ ಜಾಗ. ಕ್ಯಾತಪ್ಪ ಕಾಣಲಿಲ್ಲ. ಎಷ್ಟು ಹೊತ್ತು ಕಾಣಲಿಲ್ಲವೋ ಅಷ್ಟು ಹೊತ್ತನ್ನು ನಾನು ಆಮೇಲೆ ಪ್ರತಿ ರಾತ್ರಿ ಮತ್ತೆ ಕಳೆಯಬೇಕಾಯಿತು. ಕಡೆಗೆ ರಸ್ತೆ ಪಕ್ಕದ ಹುರುಳಿ ರಾಶಿ ಅಲುಗಾಡಿತು. ಅದರೊಳಗಿಂದ ತಲೆ, ಹೆಗಲು, ಎರಡು ಕೈ ಬಂದವು. ಕೈಗಳು ಜೋಡಿಕೊಂಡಿದ್ದವು.

"ನಮಸ್ಕಾರ ಸಾ," ಅಂದ ಕ್ಯಾತಪ್ಪ.

ಅವನಿಗೆ ಆದದ್ದು ಮೊಣಕಾಲು ತರಚಿದ ಗಾಯ ಮಾತ್ರ. ಲಾರಿ ಡ್ರೈವರು, ಹುರುಳಿಯವರು, ನಾನು ಎಲ್ಲ ಸೇರಿ ಗೂಡು ಆರಿಸಿಕೊಟ್ಟೆವು. ಅವನು ನಕ್ಕುಕೊಂಡು ಹೋದ. ನಾನು ಮನೆಗೆ ಬಂದು ಎರಡು ಲೋಟ ನೀರು ಕುಡಿದು, ಮೂರನೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆನಂತೆ, ಮಧ್ಯಾಹ್ನದವರೆಗೆ.

ಆ ರಾತ್ರಿಯಿಂದ ಶುರುವಾಯಿತು. ಕಣ್ಣು ಮುಚ್ಚಿದರೆ ಇಳಿಜಾರು. ಅದೇ ಸಿನಿಮಾ ಮತ್ತೆ ಮತ್ತೆ. ಅದರ ಕೊನೆ ಬೇರೆ ಆಗಲಿ ಎಂದು ನಾನು ಪ್ರತಿ ಸಲವೂ ಸೈಕಲ್ಲಿಗೆ ಒಂದೊಂದು ಸಾಮಾನು ಸಿಕ್ಕಿಸಿ ನೋಡುತ್ತಿದ್ದೆ. ಹಿಂದಿನ ಲಾರಿ ಕಾಣುವಂಥ ಕನ್ನಡಿ ಇದ್ದಿದ್ದರೆ? ಗೂಡಿನ ಮೂಟೆಯನ್ನು ದಾಟಿ ಕಾಣಬೇಕಾದರೆ ಕನ್ನಡಿಗಳ ಕಂಬಿ ಎರಡೂ ಕಡೆ ಎರಡೆರಡು ಅಡಿ ಚಾಚಬೇಕು, ಹಳ್ಳಿಕಾರ್ ಎತ್ತಿನ ಕೊಂಬಿನ ಹಾಗೆ. ಆಗ ಕ್ಯಾತಪ್ಪ ಲಾರಿಯಿಂದ ಪಾರಾಗಿ ಬಸ್ಸಿಗೆ ಸಿಗುತ್ತಾನೆ. ಹಬ್ಬಿನ ಮುಂದೆ ಹುರುಳಿ ಬಳ್ಳಿಯನ್ನು ಬಾಚಿ ಪಕ್ಕಕ್ಕೆ ತಳ್ಳುವ ಹಣಿಗೆ ಇದ್ದಿದ್ದರೆ? ಕಾಲಿಗೆ ಕಚ್ಚಿಕೊಂಡಿದ್ದು, ಇಳಿಯುವಾಗ ಮಾತ್ರ ಪೆಡಲನ್ನು ಬಿಡುವ ಚಪ್ಪಲಿ? ಹಿಂದೆ ಲಾರಿ ಐವತ್ತು ಅಡಿಯೊಳಗೆ ಬಂದರೆ ತಾನೇ ಬಿಗಿಯಾಗಿ, ಸವಾರನನ್ನು ಎಷ್ಟೇ ಗೌರವವಿದ್ದರೂ ಕೆಳಗೆ ಬಿಡದ ಸೀಟು? ಈ ಕೊನೆಯದರ ನಕ್ಷೆಯನ್ನು ಹಾಸಿಗೆಯಿಂದ ಎದ್ದು ಬರೆದಿಡಬೇಕು ಅನ್ನಿಸುತ್ತಿತ್ತು. ರತ್ನಮ್ಮ ಮಗ್ಗುಲು ಬದಲಿಸಿ, "ಇವತ್ತೇನು ಕಂಡುಹಿಡಿದ್ರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಗೊರಕೆ ಹೊಡೆಯುತ್ತಿದ್ದಳು.

ನನ್ನ ಸಂಕಟ ಆಗಿಹೋದದ್ದರ ಬಗ್ಗೆ ಮಾತ್ರ ಆಗಿದ್ದರೆ ಹೇಗೋ ಮರೆಯಬಹುದಿತ್ತು. ಆದರೆ ಕ್ಯಾತಪ್ಪ ಮುಂದಿನ ಶುಕ್ರವಾರವೂ ಬರುವವನೇ. ಇಳಿಜಾರು ಅಲ್ಲೇ ಇದೆ, ಲಾರಿಗಳಿಗೆ ಬರವಿಲ್ಲ. ಎಲ್ಲ ಸಲವೂ ಡ್ರೈವರಿನ ಕಾಲು ಬ್ರೇಕಿನ ಮೇಲೇ ಇರುತ್ತದೆಂದು ಯಾರು ಹೇಳಬಲ್ಲರು? ನನಗೆ ಮರ್ಯಾದೆ ಕೊಡಲು ಹೋಗಿ ಒಬ್ಬ ಮನುಷ್ಯ ಸಾಯುತ್ತಾನೆ ಎಂದು ನನಗೆ ಖಾತ್ರಿಯಾಗಿಬಿಟ್ಟಿತ್ತು. ಹಾಗಾಗಿ ಶುಕ್ರವಾರ ಬೇಗನೆ ಹೋಗಿ ಇಳಿಜಾರಿನ ಮೇಲ್ಗಡೆ, ಸಮತಟ್ಟಾದ ಜಾಗದಲ್ಲಿ ನಿಂತು ಅವನಿಗೆ ಕೈ ಬೀಸಿ, ಕೂತುಕೊಂಡೇ ಹೋಗೋ, ಇಳಿಯಬೇಡ ಎಂದು ಕೂಗಿದೆ. ಅವನಿಗೆ ಸರಿಯಾಗಿ ಕೇಳಿಸಿತು. ಕೇಳಿಸಿದ ತಕ್ಷಣ ಸೈಕಲ್ ಇಳಿದು, ಸ್ಟ್ಯಾಂಡ್ ಹಾಕಿ, ಹತ್ತಿರ ಬಂದು, ಕೈ ಮುಗಿದು, "ಆಗ್ಲಿ ಸಾ, ಇನ್ನು ಮೇಲೆ ಇಳಿಯಲ್ಲ," ಅಂದ. ಮುಂದಿನ ಮಂಗಳವಾರ ಮತ್ತೆ ಇಳಿದ. ನಾನು ಗದರಿದರೆ, ಕಾಲು ಕೇಳಲ್ಲ ಸಾ, ತಾನೇ ಇಳಿದುಬಿಡುತ್ತದೆ ಎಂದು ಕಾಲಿನ ಮೇಲೆ ದೂರು ಹೇಳಿದ.

ಆ ಹೊತ್ತಿಗೆ ನೀವು ಅಲ್ಲಿ ನಿಲ್ಲದಿದ್ದರೆ ಆಯಿತಲ್ಲ ಎಂದಳು ರತ್ನಮ್ಮ. ಇಷ್ಟು ಸುಲಭದ ಉಪಾಯ ಬಿ.ಎಸ್ಸಿ. ಓದಿದವರಿಗೆ ಹೊಳೆಯುವುದಿಲ್ಲ. ನಾನು ಅರ್ಧ ಮಾತ್ರ ಒಪ್ಪಿ, ಹೊಂಗೆ ಮರದ ಹಿಂದೆ ಅಡಗಿ ನಿಂತೆ. ಕ್ಯಾತಪ್ಪ ನಾನಿರಬೇಕಾದ ಜಾಗದಲ್ಲಿ ನಾನಿಲ್ಲದ್ದನ್ನು ಕಂಡು, ಇಳಿಜಾರಿನಲ್ಲಿ ಬರುತ್ತಲೇ ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ ಹುಡುಕಿದ. ಅದು ಇಳಿಯುವುದಕ್ಕಿಂತ ಭಯಂಕರವಾಗಿತ್ತು. ಮರದ ಹಿಂದಿನಿಂದ ನನ್ನ ಪಂಚೆಯ ಅಂಚು ಕಂಡಿತಂತೆ, ಅಲ್ಲೇ ಇಳಿದ. ಅದರ ಮುಂದಿನ ಸಲ ಮನೆಯಲ್ಲೇ ಕೂತೆ. ಹತ್ತು ಗಂಟೆಗೆ ಬಾಗಿಲ ಮುಂದೆ ಸೈಕಲ್ ಗಂಟೆ. ಮೇಷ್ಟ್ರಿಗೆ ಹುಷಾರಿಲ್ಲವೇನೋ ಎಂದು ಹೂವಿನ ಮೂಟೆಯ ಸಮೇತ ವಿಚಾರಿಸಲು ಬಂದಿದ್ದ; ಹಿಂದೂಪುರದ ಬಸ್ಸು ತಪ್ಪಿಹೋಗಿತ್ತು. ಆ ದಿನ ನಮ್ಮ ಓಣಿಯ ಹೆಂಗಸರೆಲ್ಲ ಕನಕಾಂಬರ ಮುಡಿದರು.

ಕಡೆಗೆ ನಾನು ಸೈಕಲ್ ಷಾಪಿನ ಪೀರಾ ಸಾಹೇಬರ ಹತ್ತಿರ ಹೋದೆ. ಊರಿನಲ್ಲಿ ಉಳಿದಿರುವ ಹಳೆಯ ಸೈಕಲ್ ಷಾಪು ಅವರದೊಂದೇ. ಗೋಡೆಯ ಮೇಲೆ ಈಗಲೂ ಎರಡು ಡೈನಮೊ ನೇತಾಡುತ್ತವೆ. ಕೇಳುವವರಿಲ್ಲ, ಆದರೂ ವಾರಕ್ಕೊಮ್ಮೆ ಒರೆಸುತ್ತಾರೆ. ಸವಾರ ಇಳಿಯದೆ ನಮಸ್ಕಾರ ಮಾಡುವಂಥ ಉಪಕರಣವೊಂದು ಬೇಕು ಎಂದು ನಾನು ನಕ್ಷೆ ಬಿಡಿಸಿ ವಿವರಿಸಿದೆ: ಹ್ಯಾಂಡಲ್ ಮೇಲೆ ತಗಡಿನ ಒಂದು ಕೈ, ಅದಕ್ಕೊಂದು ಬ್ರೇಕ್ ವೈರು, ಲಿವರ್ ಒತ್ತಿದರೆ ಕೈ ಮೇಲೇಳಬೇಕು, ಬಿಟ್ಟರೆ ಮಲಗಬೇಕು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ನಕ್ಷೆಯನ್ನೂ ನನ್ನನ್ನೂ ನೋಡಿದರು.

"ಮೇಷ್ಟ್ರೇ, ಬ್ರೇಕ್ ಬೇಕಂತ ಬಂದವರನ್ನ ನೋಡೀನಿ, ಬೆಲ್ ಬೇಕಂತ ಬಂದವರನ್ನ ನೋಡೀನಿ. ಅದಬ್, ಮರ್ಯಾದಿ ಬೇಕಂತ ಬಂದವರು ನೀವೇ ಫಸ್ಟು," ಅಂದರು. ಆದರೂ ಕೆಲಸ ಒಪ್ಪಿಕೊಂಡರು. ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ಕಂಪನಿಯೇ ನಿಲ್ಲಬಹುದು ಎಂದು ನಾವಿಬ್ಬರೂ ಟೀ ಕುಡಿಯುತ್ತ ಮಾತಾಡಿಕೊಂಡೆವು.

ಎಣ್ಣೆ ಡಬ್ಬಿಯ ತಗಡಿನಿಂದ ಐದು ಬೆರಳಿನ ಕೈ ತಯಾರಾಯಿತು. ಸಾಹೇಬರು ಅದಕ್ಕೆ ಗುಲಾಬಿ ಬಣ್ಣವನ್ನೂ ಹೊಡೆದು ಕ್ಯಾತಪ್ಪನ ಸೈಕಲ್ಲಿಗೆ ಸಿಕ್ಕಿಸಿಕೊಟ್ಟಿದ್ದರು. ಮೊದಲ ಶುಕ್ರವಾರದ ಪ್ರಯೋಗವನ್ನು ನೋಡಲು ನಾನು ಹೊಂಗೆ ಮರದ ಬುಡದಲ್ಲಿ ನಿಂತೆ. ಕ್ಯಾತಪ್ಪ ಇಳಿಜಾರಿನ ತುದಿಯಲ್ಲಿ ಕಾಣಿಸಿಕೊಂಡ. ಲಿವರ್ ಒತ್ತಿದ. ಗುಲಾಬಿ ಕೈ ಟಕ್ ಎಂದು ಮೇಲೆದ್ದಿತು. ಎದುರಿಗೆ ಬರುತ್ತಿದ್ದ ಬಸ್ಸು, ಯಾರೋ ನಿಲ್ಲಿಸಲು ಹೇಳುತ್ತಿದ್ದಾರೆಂದು ತಿಳಿದು ನಡುರಸ್ತೆಯಲ್ಲಿ ನಿಂತಿತು. ಕಂಡಕ್ಟರು ತಲೆ ಹೊರಹಾಕಿ, "ಏಮಯ್ಯಾ, ಎಕ್ಕುತಾವಾ ಲೇದಾ?" ಎಂದು ತೆಲುಗಿನಲ್ಲಿ ಗದರಿದ, ಹತ್ತುತ್ತೀಯೋ ಇಲ್ಲವೋ ಎಂದು. ಸೈಕಲ್ಲಿನವನು ಬಸ್ ಹತ್ತುವುದು ಹೇಗೆ? ಕ್ಯಾತಪ್ಪ ಅವನಿಗೆ ಸಮಾಧಾನ ಹೇಳಿ ಕಳಿಸಿ, ನನ್ನ ಹತ್ತಿರ ಬಂದು, ತಗಡಿನ ಕೈಯನ್ನು ಎತ್ತಿಯೇ ಇಟ್ಟುಕೊಂಡು, ಸೈಕಲ್ಲಿಂದ ಇಳಿದ. ಯಾಕೋ ಎಂದರೆ, ತಗಡು ನಮಸ್ಕಾರ ಮಾಡುತ್ತಿರುವಾಗ ತಾನು ಮೇಲೆ ಕೂತಿದ್ದರೆ ಚೆನ್ನಾಗಿರುವುದಿಲ್ಲವಲ್ಲ ಸಾ, ಅಂದ.

ನನಗೆ ಅಳು ಬರುವುದೊಂದು ಬಾಕಿ. ಅವನನ್ನು ಮರದ ನೆರಳಿಗೆ ಕರೆದು ಕೂಡಿಸಿಕೊಂಡೆ. ಎರಡು ತಿಂಗಳಿಂದ ಯಾವ ಸಾಮಾನನ್ನು ಸಿಕ್ಕಿಸಿದರೂ ಸರಿಹೋಗದ ಒಂದು ತುಣುಕು ಆ ಸಿನಿಮಾದಲ್ಲಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ರತ್ನಮ್ಮನಿಗೆ ಕೂಡ. ನಾನು ನಿವೃತ್ತನಾದಾಗಿನಿಂದ ಮಂಗಳವಾರ ಶುಕ್ರವಾರ ಒಂಬತ್ತೂಕಾಲಿಗೆ ಅಲ್ಲಿ ನಿಲ್ಲುತ್ತಿದ್ದದ್ದು ವಾಕಿಂಗಿಗಲ್ಲ. ಕ್ಯಾತಪ್ಪ ಇಳಿಯುವುದನ್ನು ನೋಡಲು. ವಾರಕ್ಕೆರಡು ಸಲ, ಅರ್ಧ ನಿಮಿಷ, ನಾನು ಮತ್ತೆ ಮೇಷ್ಟ್ರಾಗುತ್ತಿದ್ದೆ. ಆ ದಿನ ಅವನು ಒಂದು ನಿಮಿಷ ತಡ ಮಾಡಿದ್ದ. ಅದಕ್ಕೇ ಗಡಿಯಾರ ನೋಡಿಕೊಂಡದ್ದು. ಅವನು ಕಂಡಾಗ, ನೆರಳಿನಲ್ಲಿದ್ದ ನಾನು ಎಲ್ಲಿ ಅವನ ಕಣ್ಣಿಗೆ ಬೀಳದೆ ಹೋಗುತ್ತೇನೋ ಎಂದು ಎರಡು ಹೆಜ್ಜೆ ಮುಂದೆ ಬಂದು ಬಿಸಿಲಿಗೆ ನಿಂತೆ. ಲಾರಿ ನನಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತಿರಲಿಲ್ಲ.

ಇಷ್ಟನ್ನೂ ಅವನಿಗೆ ಹೇಳಿದೆ. "ನೀ ಇಳೀಲಿ ಅಂತ ನಾನ ಮುಂದ ಬಂದು ನಿಂತಿದ್ದೆ ಕ್ಯಾತಪ್ಪ. ತಪ್ಪು ನಂದು," ಅಂದೆ.

ಅವನು ಒಂದು ಹುಲ್ಲುಕಡ್ಡಿ ಮುರಿಯುತ್ತ ಕೂತಿದ್ದ. "ಗೊತ್ತು ಸಾ," ಅಂದ.

"ಏನು ಗೊತ್ತು?"

"ನೀವು ಕಾಯ್ಕಂಡು ನಿಂತಿರ್ತೀರ ಅಂತ. ನನ್ನ ಮುಂದೆ ಹತ್ತು ಬೈಕು ಹೋಗ್ತವೆ, ಒಬ್ಬನೂ ತಿರುಗಿ ನೋಡಲ್ಲ, ನಿಮ್ಮ ಮಕ ಸಣ್ಣಗಾಗಿರ್ತದೆ. ದೂರದಿಂದ್ಲೇ ಕಾಣ್ತದೆ ಸಾ. ನಾನು ಇಳಿದ್ರೆ ಸರಿ ಹೋಯ್ತದೆ. ಅದಕ್ಕೇ ಇಳೀತಿದ್ದೆ."

ಇಷ್ಟು ವರ್ಷ ಗೌರವ ಎಂದುಕೊಂಡು ಜೇಬಿಗೆ ಹಾಕಿಕೊಂಡದ್ದನ್ನು ತೆಗೆದು ನೋಡಿದರೆ ಅದು ಕರುಣೆಯಾಗಿತ್ತು. ಆದರೆ ಅದರ ತೂಕವೇನೂ ಕಡಿಮೆ ಇರಲಿಲ್ಲ. ಒಂದು ಲಾರಿಯ ಮುಂದೆ ಇಳಿಯುವಷ್ಟು ಕರುಣೆಯನ್ನು ನನ್ನ ಮೇಲೆ ಇನ್ಯಾರೂ ತೋರಿಸಿಲ್ಲ. ಇನ್ನು ಇಳಿಯಬೇಡ ಎಂದೆ. ಈ ಸಲ ಮೇಷ್ಟ್ರ ದನಿಯಲ್ಲಿ ಅಲ್ಲ.

"ಇಳೀದಿದ್ರೆ ನಿಮಗೆ ಬೇಜಾರಾಗಲ್ವಾ ಸಾ?"

"ಇಲ್ಲೋ. ಯಾಕ ಬೇಜಾರು?" ಅಂದೆ. ವಿಜ್ಞಾನದ ಮೇಷ್ಟ್ರಾಗಿದ್ದೂ ಅಷ್ಟು ದೊಡ್ಡ ಸುಳ್ಳನ್ನು ನಾನು ಹಿಂದೆಂದೂ ಹೇಳಿರಲಿಲ್ಲ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ತಗಡಿನ ಕೈಯನ್ನು ಬಿಚ್ಚಿ ನನಗೆ ಕೊಟ್ಟು ಹೋದ.

ಅದಾದ ಮೇಲಿನ ಮಂಗಳ-ಶುಕ್ರವಾರಗಳಲ್ಲಿ ನಾನು ಆ ಕಡೆ ಹೋಗಲಿಲ್ಲ. ಬೀಗರ ಮನೆಯ ಕಾರ್ಯವಿದೆ ಎಂದು ರಾಯದುರ್ಗಕ್ಕೆ ಹೋಗಿ ಒಂದು ವಾರ ಇದ್ದು ಬಂದೆ. ನಮ್ಮ ಹಳೆಯ ಬೀದಿಯಲ್ಲಿ ಕಟ್ಟೆಗಳನ್ನು ಒಡೆದು ಬೈಕ್ ನಿಲ್ಲಿಸಲು ಜಾಗ ಮಾಡಿದ್ದರು. ಇಳಿಯಬೇಕೆಂದರೂ ಯಾರಿಗೆ ಇಳಿಯುವುದು? ಅಪ್ಪನ ಸೈಕಲ್ಲು ಈಗ ಇದ್ದಿದ್ದರೆ ಮನೆಯಿಂದ ಅಂಗಡಿಯವರೆಗೂ ಒಂದೇ ಸಮನೆ ತುಳಿಯಬಹುದಿತ್ತು ಅಂದುಕೊಂಡೆ. ಅಪ್ಪ ಅದನ್ನು ಸುಖ ಅನ್ನುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ವಾಪಸು ಬಂದ ಮೇಲಿನ ಶುಕ್ರವಾರ, ಏನಾದರಾಗಲಿ ಒಮ್ಮೆ ನೋಡಿಬಿಡಬೇಕೆಂದು ಹೊಂಗೆ ಮರದ ಹತ್ತಿರ ಹೋದೆ. ಹುರುಳಿಯನ್ನೆಲ್ಲ ಎತ್ತಿಕೊಂಡು ಹೋಗಿದ್ದರು, ರಸ್ತೆ ಖಾಲಿ ಇತ್ತು. ಇಳಿಜಾರಿನ ತುದಿಯನ್ನು ಬಿಟ್ಟು ಬೇರೆಲ್ಲೂ ನೋಡದೆ ನೆರಳಿನಲ್ಲೇ ನಿಂತೆ. ಕ್ಯಾತಪ್ಪ ಬಂದ, ಬೆನ್ನಿಗೆ ಬಿಳಿ ಮೂಟೆ, ಮೂಟೆಯ ಹಿಂದೆ ಬಸ್ಸು. ನನ್ನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು. ಅವನು ನನ್ನನ್ನು ಕಂಡ. ಬಲಗಾಲು ಅಲುಗಾಡಿದ್ದು ನನಗೆ ಕಾಣಿಸಿತು. ಆದರೆ ಇಳಿಯಲಿಲ್ಲ. ಎರಡೂ ಕೈ ಹ್ಯಾಂಡಲ್ ಮೇಲೇ ಇದ್ದವು, ಎರಡೂ ಕಾಲು ಪೆಡಲಿನ ಮೇಲೇ ಇದ್ದವು. ನನ್ನ ನೇರಕ್ಕೆ ಬಂದಾಗ ಸೀಟು ಬಿಟ್ಟು ಒಂದು ಗೇಣು ಮೇಲೆದ್ದು, ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಹಾಗೇ ನಿಂತ ನಿಲುವಿನಲ್ಲಿ ನನ್ನನ್ನು ದಾಟಿ, ಆಮೇಲೆ ಕೂತ. ಬಸ್ಸು ತನ್ನಷ್ಟಕ್ಕೆ ಪಕ್ಕದಿಂದ ಹೋಯಿತು. ಎರಡು ತಿಂಗಳು ನಾನು ತಗಡು, ವೈರು, ಕನ್ನಡಿಗಳಲ್ಲಿ ಹುಡುಕಿದ್ದ ಉಪಕರಣ ಸೀಟಿಗೂ ಅವನಿಗೂ ನಡುವಿನ ಆ ಒಂದು ಗೇಣು ಜಾಗವಾಗಿತ್ತು.

ಮನೆಗೆ ಹೋಗಿ ರತ್ನಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ಹೇಗೆ ಎದ್ದ, ಎಷ್ಟು ಬಾಗಿದ ಎಂದು ಅಡುಗೆಮನೆಯ ಮಣೆಯ ಮೇಲೆ ಕೂತು ಎದ್ದು ತೋರಿಸಿದೆ. ಆಕೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಹೊಂಗೆಮರದ ಹತ್ರ ತಾನೆ? ಅಲ್ಲಿ ನೀರಿನ ಪೈಪಿಗೆ ಅಂತ ರೋಡು ಅಗೆದು ಗುಂಡಿ ಬಿಟ್ಟವ್ರೆ. ನೀವು ಊರಲ್ಲಿರಲಿಲ್ಲ. ಸೈಕಲ್ಲೋರು, ಬೈಕಿನೋರು, ಎಲ್ರೂ ಅಲ್ಲಿ ಸೀಟು ಬಿಟ್ಟು ಎದ್ದೇ ಹೋಗೋದು ಕಣ್ರಿ," ಅಂದಳು.

ಅಂದು ರಾತ್ರಿ ಒಂಬತ್ತೂವರೆಗೆ ಮಲಗಿದವನಿಗೆ ಇಳಿಜಾರೂ ಕಾಣಲಿಲ್ಲ, ಲಾರಿಯೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ರತ್ನಮ್ಮ ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಬೇಕಾಯಿತು. ಕಾಫಿ ಕೊಡುತ್ತ, ವಾಕಿಂಗಿಗೆ ಹೋದಾಗ ಆ ಗುಂಡಿಯನ್ನು ನೀವೇ ನೋಡಿಕೊಂಡು ಬನ್ನಿ, ನನ್ನ ಮಾತು ಸುಳ್ಳೋ ನಿಜವೋ ಗೊತ್ತಾಗುತ್ತದೆ ಅಂದಳು. ಯಾಕೋ ಮಂಡಿ ಹಿಡಿದುಕೊಂಡಿದೆ, ಇವತ್ತು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ, ನಾನು ಹೊದಿಕೆಯನ್ನು ಮತ್ತೆ ಮೇಲಕ್ಕೆಳೆದುಕೊಂಡೆ.